ಬ್ಯಾಟರಿ ಆಮೇಲೆ, ಮೊದಲು ಅರ್ಥ್

ಕೇಳುಗರಿಗೆ ನಮಸ್ಕಾರ.

ಅಪ್ಪನದೋ ತಾತನದೋ ಒಂದು ಹಳೇ ಕಾರು ನಿಮ್ಮ ಪಾಲಿಗೆ ಬಂದಿದೆ. ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿದೆ. ವಾರಕ್ಕೊಂದು ಸಲ ಹೋಗಿ ಕೀ ತಿರುಗಿಸುತ್ತೀರಿ. ಅದು "ಟಕ್" ಅನ್ನುತ್ತದೆ, ಸುಮ್ಮನಾಗುತ್ತದೆ. ನೀವೂ ಬಾಗಿಲು ಎಳೆದುಕೊಂಡು ಬರುತ್ತೀರಿ. ನನಗೆ ಕೊಟ್ಟಿರುವ ಈ 10 ನಿಮಿಷ ನಾನು ಮಾತಾಡುವುದು ನಿಮ್ಮ ಜೊತೆ. ಕಾರಿಲ್ಲದವರು ಬೇಕಿದ್ದರೆ ಸುಮ್ಮನೆ ಕೇಳಿಸಿಕೊಳ್ಳಿ.

ಹೇಳುವುದು ಒಂದೇ ಮಾತು. ಅದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬ್ಯಾಟರಿ ಬದಲಿಸುವ ಮೊದಲು ಅರ್ಥ್ ನೋಡಿ.

ಅರ್ಥ್ ಅಂದರೇನು? ಮನೆಯ ಬಲ್ಬಿಗೆ ಎರಡು ತಂತಿ ಹೋಗುವುದನ್ನು ನೋಡಿದ್ದೀರಿ. ಹಳೇ ಕಾರಿನ ಬಲ್ಬಿಗೆ ಒಂದೇ. ಆ ತಂತಿಯಲ್ಲಿ ಹೋದ ಕರೆಂಟು ಬ್ಯಾಟರಿಗೆ ವಾಪಸ್ಸು ಬರಬೇಕಲ್ಲ, ಯಾವುದರಲ್ಲಿ ಬರುತ್ತದೆ? ಕಾರಿನ ಮೈಯಲ್ಲಿ. ಕಬ್ಬಿಣದ ಬಾಡಿಯೇ ಎರಡನೇ ತಂತಿ. ಬ್ಯಾಟರಿಯ ಒಂದು ತುದಿಯನ್ನು ಬಾಡಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ, ಅದೇ ಅರ್ಥ್. ಈಗಿನ ಕಾರುಗಳಲ್ಲಿ ಆ ತುದಿ ನೆಗೆಟಿವ್. 1960ರ ದಶಕದ ನಡುವಿನವರೆಗೆ ಬಂದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ, ಮಾರಿಸ್ ಮೈನರ್ ಸೇರಿ, ಅದು ಪಾಸಿಟಿವ್. ಬ್ಯಾಟರಿ ಉಲ್ಟಾ ಕೂರಿಸಿ ಪೇಚಿಗೆ ಬಿದ್ದವರ ಕಥೆ ಇನ್ನೊಂದು ದಿನಕ್ಕಿರಲಿ.

ಈಗ ತಮಾಷೆ ನೋಡಿ. ಎಂಜಿನ್ನು ಬಾಡಿಗೆ ನೇರವಾಗಿ ತಾಗಿಕೊಂಡಿರುವುದಿಲ್ಲ. ಎಂಜಿನ್ನಿನ ನಡುಕ ಒಳಗೆ ಬರಬಾರದು ಅಂತ ರಬ್ಬರ್ ಮೌಂಟಿಂಗಿನ ಮೇಲೆ ಕೂರಿಸಿರುತ್ತಾರೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಕೀ ತಿರುಗಿಸಿದಾಗ ಎಂಜಿನ್ನನ್ನು ಸುತ್ತಿಸಿ ಎಬ್ಬಿಸುವ ಸೆಲ್ಫ್ ಮೋಟಾರ್ ಇರುವುದು ಎಂಜಿನ್ನಿನ ಮೈಮೇಲೆ. ಹಾಗಾದರೆ ಅದರ ಕರೆಂಟು ಬಾಡಿಗೆ ಬರುವುದು ಹೇಗೆ? ಅದಕ್ಕೆ ಎಂಜಿನ್ನಿನಿಂದಲೋ ಗೇರ್ ಬಾಕ್ಸಿನಿಂದಲೋ ಬಾಡಿಗೆ ಒಂದು ಪಟ್ಟಿ ಹಾಕಿರುತ್ತಾರೆ. ತಾಮ್ರದ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು, ಗೇಣುದ್ದ ಇರಬಹುದು. ಕೆಸರು, ಆಯಿಲ್ಲು ಮೆತ್ತಿಕೊಂಡು ಕಾರಿನಡಿ ಎಲ್ಲೋ ಇರುತ್ತದೆ. ಯಾರೂ ಬಗ್ಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ!

ಆ ಕಥೆ ಹೇಳಿಬಿಡುತ್ತೇನೆ. ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಕಾರು ನನಗೆ ಬಂತು, 1960ರ ದಶಕದ್ದು. "ಹುಡುಗರಿಗೆ ವೈರಿಂಗ್ ಪಾಠ ಹೇಳೋನಲ್ವಾ ನೀನು, ನೀನೇ ಇಟ್ಕೋ" ಅಂದರು ಅತ್ತೆ. ನನಗೂ ಜಂಬ. ಕೀ ತಿರುಗಿಸಿದೆ, ಸೆಲ್ಫು ಮುಲುಗಿತು, ಅರ್ಧ ಸುತ್ತು ಸುತ್ತಿ ನಿಂತಿತು. ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದು ತಂದೆ. ಅದೇ ಮುಲುಗು. ಸೆಲ್ಫ್ ಮೋಟಾರ್ ಬಿಚ್ಚಿ ಬ್ರಷ್ ಹಾಕಿಸಿದೆ, ಬುಷ್ ಹಾಕಿಸಿದೆ. ಮೇಜಿನ ಮೇಲಿಟ್ಟು ಕರೆಂಟು ಕೊಟ್ಟರೆ ಬುಗುರಿ ಹಾಗೆ ತಿರುಗಿತು. ಕಾರಿಗೆ ಹಾಕಿದರೆ ಮತ್ತೆ ಮುಲುಗು. ಎರಡು ತಿಂಗಳು ಹೀಗೇ ಕಳೆಯಿತು. ಪಾಠ ಹೇಳುವವನ ಗತಿ ಇದು.

ಒಂದು ಭಾನುವಾರ ತಂಗಿಯ ಮಗಳು ಬಂದಿದ್ದಳು, ಎಂಟು ವರ್ಷದವಳು. ಪಕ್ಕದ ಸೀಟಿನಲ್ಲಿ ಕೂತಿದ್ದಳು. ನಾನು ಸೆಲ್ಫ್ ಹೊಡೆಯುತ್ತಲೇ ಇದ್ದೆ. ಅವಳು ಡ್ಯಾಶ್‌ಬೋರ್ಡಿನ ಚೋಕ್ ಗುಂಡಿಯನ್ನು, ತಣ್ಣಗಿರುವ ಎಂಜಿನ್ ಎಬ್ಬಿಸಲು ಎಳೆಯುತ್ತೇವಲ್ಲ ಅದನ್ನು, ಎಳೆಯಲು ಹೋಗಿ ಕೈ ಹಿಂದಕ್ಕೆ ತೆಗೆದಳು. "ಮಾಮ, ಇದು ಸುಡ್ತಿದೆ" ಅಂದಳು. ಚೋಕ್ ಗುಂಡಿ ಯಾಕಮ್ಮ ಸುಡುತ್ತದೆ ಅಂತ ನಾನು ಮುಟ್ಟಿದೆ. ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. ಬಾನೆಟ್ ಎತ್ತಿದರೆ ಚೋಕ್ ಕೇಬಲ್ಲಿನ ಮೇಲ್ಹೊದಿಕೆ ಕರಗಿ ತೊಟ್ಟಿಕ್ಕುತ್ತಿತ್ತು, ಎಳೆಯಂಥ ಹೊಗೆ ಬೇರೆ.

ಅರ್ಥವಾಯಿತೇ ಏನಾಗಿತ್ತು ಅಂತ? ಹಿಂದೆ ಯಾರೋ ಗೇರ್ ಬಾಕ್ಸ್ ಇಳಿಸಿದವರು ಆ ಜಡೆಪಟ್ಟಿಯನ್ನು ವಾಪಸ್ಸು ಹಾಕಿಯೇ ಇರಲಿಲ್ಲ. ಸೆಲ್ಫ್ ಮೋಟಾರಿಗೆ 150 ಆಂಪಿಯರ್ ಬೇಕಾಗುವುದು ಸಾಮಾನ್ಯ. ಹೋದ 150 ಆಂಪಿಯರ್ ವಾಪಸ್ಸು ಬರಲು ದಾರಿ ಕಾಣದೆ, ಎಂಜಿನ್ನಿಗೂ ಬಾಡಿಗೂ ನಡುವೆ ಇದ್ದ ಇನ್ನೊಂದು ಲೋಹದ ಎಳೆಯನ್ನು ಹಿಡಿದಿದೆ. ಅದೇ ಆ ಗುಂಡಿಯಿಂದ ಎಂಜಿನ್ನಿಗೆ ಹೋಗುವ ಚೋಕ್ ಕೇಬಲ್ಲು. ಹೆದ್ದಾರಿ ಮುಚ್ಚಿದರೆ ಲಾರಿಗಳೆಲ್ಲ ಓಣಿಗೆ ನುಗ್ಗಿದ ಹಾಗೆ. ಆ ದಾರಿಯ ತಡೆ ಬರೀ 0.02 ಓಮ್ ಅಂತಿಟ್ಟುಕೊಳ್ಳಿ. 150ರಿಂದ ಗುಣಿಸಿ. 3 ವೋಲ್ಟು ಅಲ್ಲೇ ಹೋಯಿತು. 12 ವೋಲ್ಟಿನ ಕಾರಿಗೇ ಇದು ದೊಡ್ಡ ಏಟು. 6 ವೋಲ್ಟಿನ ಕಾರಾದರೆ ಅಲ್ಲಿಗೆ ಮುಗಿಯಿತು.

ಹೊಸ ಪಟ್ಟಿ ಹಾಕಿದೆ. ಕೀ ಮುಟ್ಟಿದ್ದಷ್ಟೇ ಗೊತ್ತು, ಎಂಜಿನ್ ಓಡುತ್ತಿತ್ತು.

ಕಥೆ ಮುಗಿದಿಲ್ಲ. ಮುಂದಿನ ವಾರ ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ತೋರಿಸುತ್ತಿದ್ದ ಹಾಗೇ ಕಾರು ನಿಂತಿತು. ಟ್ಯಾಂಕು ಒಣಗಿತ್ತು. ಅತ್ತೆ ಏನೂ ಅನ್ನಲಿಲ್ಲ, ಕಿಟಕಿಯಿಂದಾಚೆ ನೋಡುತ್ತಾ ಕೂತರು. ನಾನೋ ಮನೆಗೆ ಬಂದವನೇ ಟ್ಯಾಂಕಿನೊಳಗೆ ಪೆಟ್ರೋಲಿನ ಮಟ್ಟ ಅಳೆಯುವ ಫ್ಲೋಟ್ ಬಿಚ್ಚಿ ತಿಕ್ಕಿ ತೊಳೆದು ಹಾಕಿದೆ. ಏನೂ ಬದಲಾಗಲಿಲ್ಲ. ಪಕ್ಕದ ಟೆಂಪರೇಚರ್ ಮುಳ್ಳೂ ಹೆಚ್ಚಿಗೆ ತೋರಿಸುತ್ತಿದೆ ಅನ್ನುವುದು ಆಗ ಕಣ್ಣಿಗೆ ಬಿತ್ತು. ಎರಡು ಮುಳ್ಳು ಒಟ್ಟಿಗೆ ಸುಳ್ಳು ಹೇಳಿದರೆ ಸುಳ್ಳು ಮುಳ್ಳಿನದಲ್ಲ, ಎರಡಕ್ಕೂ ಕರೆಂಟು ಕೊಡುವವನದು.

ಮೀಟರ್ ಬೋರ್ಡಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಜರ್. ಒಳಗಿನ ಲೋಹದ ಪಟ್ಟಿ ಕಾದು ಬಾಗುತ್ತಾ, ಆರಿ ನೆಟ್ಟಗಾಗುತ್ತಾ, ಕರೆಂಟನ್ನು ಕೊಟ್ಟು ತಡೆದು ಕೊಟ್ಟು ತಡೆದು ಸರಾಸರಿ 10 ವೋಲ್ಟಿಗೆ ಹಿಡಿದಿಡುತ್ತದೆ. ಈ ಆಟ ನಡೆಯಬೇಕಾದರೆ ಡಬ್ಬಿಯ ತಗಡು ಬಾಡಿಗೆ ತಾಗಿರಬೇಕು. ತಾಗದಿದ್ದರೆ ಪಟ್ಟಿ ಕಾಯುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜು ಮೀಟರಿಗೆ ಹೋಗುತ್ತದೆ, ಮುಳ್ಳು ಇಲ್ಲದ್ದನ್ನೆಲ್ಲ ತೋರಿಸುತ್ತದೆ. ಮಾವ ಅಕ್ಕರೆಯಿಂದ ಡ್ಯಾಶ್‌ಬೋರ್ಡಿಗೆ ಬಣ್ಣ ಹೊಡೆಸಿದ್ದರು. ಡಬ್ಬಿಯ ಸ್ಕ್ರೂ ಕೂತಿದ್ದು ಆ ಬಣ್ಣದ ಮೇಲೆ. ಸ್ಕ್ರೂ ತೆಗೆದು, ಉಗುರಿನಗಲ ಬಣ್ಣ ಕೆರೆದು, ಮತ್ತೆ ಬಿಗಿದೆ. ಅರ್ಧ ನಿಮಿಷದಲ್ಲಿ ಎರಡು ಮುಳ್ಳೂ ಮೆಲ್ಲಗೆ ಇಳಿದು ತಮ್ಮ ಜಾಗದಲ್ಲಿ ನಿಂತವು.

ನೋಡಿ, ಅಲ್ಲೂ ಅರ್ಥೇ. ಮೂರನೇ ಸಲ ಹೇಳುತ್ತಿದ್ದೇನೆ.

ನೀವು ಮಾಡಬೇಕಾದ್ದು ಇಷ್ಟು. ಗೇರು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ದಪ್ಪನೆಯ ಜಂಪರ್ ಕೇಬಲ್ ಒಂದನ್ನು ತೆಗೆದುಕೊಂಡು, ಬ್ಯಾಟರಿಯ ಅರ್ಥ್ ತುದಿಗೆ ಒಂದು ಕೊನೆ, ಎಂಜಿನ್ನಿನ ಬಣ್ಣವಿಲ್ಲದ ಯಾವುದಾದರೂ ಬೋಲ್ಟಿಗೆ ಇನ್ನೊಂದು ಕೊನೆ ಕಚ್ಚಿಸಿ. ಕೀ ತಿರುಗಿಸಿ. ಸೆಲ್ಫು ಚುರುಕಾಗಿ ತಿರುಗಿತೋ, ರೋಗ ಸಿಕ್ಕಿತು, ಬ್ಯಾಟರಿ ಅಂಗಡಿಗೆ ಹೋಗಬೇಡಿ. ಮಲ್ಟಿಮೀಟರ್ ಇದ್ದವರು ಅದೇ ಎರಡು ಜಾಗಕ್ಕೆ ಮೀಟರಿನ ಎರಡು ಕಡ್ಡಿ ಇಟ್ಟು, ಸೆಲ್ಫ್ ಹೊಡೆಸಿ ನೋಡಿ. ಅರ್ಧ ವೋಲ್ಟ್ ದಾಟಿದರೆ ವಾಪಸ್ಸು ದಾರಿ ಕೆಟ್ಟಿದೆ ಅಂತಲೇ. ಬ್ಯಾಟರಿ ಬಿಚ್ಚುವಾಗ ಮೊದಲು ಅರ್ಥ್ ತುದಿ, ಹಾಕುವಾಗ ಕೊನೆಗೆ. ಸಂದುಗಳನ್ನು ಉಪ್ಪುಕಾಗದದಲ್ಲಿ ಲೋಹ ಬೆಳ್ಳಗೆ ಹೊಳೆಯುವ ತನಕ ತಿಕ್ಕಿ. ಒರೆಸಿದರೆ ಸಾಲದು, ತಿಕ್ಕಬೇಕು! ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ಪೆಟ್ರೋಲ್ ಮುಳ್ಳು ಒಂದೇ ಏಳದೆ ಬಿದ್ದುಕೊಂಡಿದ್ದರೆ, ಟ್ಯಾಂಕಿಗೆ ಬಾಡಿಯಿಂದ ಅರ್ಥ್ ಬರುತ್ತಿದೆಯೇ ನೋಡಿ, ನಾಲ್ಕನೇ ಸಲ ಆಯಿತು. ಅಲ್ಲಿ ಕೆಲಸ ಮಾಡುವಾಗ ಬ್ಯಾಟರಿ ಬಿಚ್ಚಿರಲಿ, ಪೆಟ್ರೋಲಿನ ಹತ್ತಿರ ಕಿಡಿ ಬೇಡ. ಸೆಲ್ಫು ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟ್ ತಿಕ್ಕಿ, ತೆರೆದಾಗಿನ ಗ್ಯಾಪು ಸಾಮಾನ್ಯವಾಗಿ 0.4 ಮಿಲಿಮೀಟರ್ ಆಸುಪಾಸು. ವರ್ಷಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಜೆಟ್ಟು, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತು, ಕಟ್ಟುತ್ತದೆ, ಹಳೇ ಪೆಟ್ರೋಲನ್ನು ಇಳಿಸಿ ಹೊಸದು ಹಾಕಿ. ಆಯಿಲ್ ಪ್ರೆಷರ್ ಮುಳ್ಳು ಬಿದ್ದರೆ ಮಾತ್ರ ನನ್ನ ಅರ್ಥ್ ಪುರಾಣ ಮರೆತು ಎಂಜಿನ್ ತಕ್ಷಣ ನಿಲ್ಲಿಸಿ. ಎಷ್ಟೋ ಹಳೇ ಕಾರುಗಳಲ್ಲಿ ಆ ಮುಳ್ಳನ್ನು ತಳ್ಳುವುದು ಸಣ್ಣ ಕೊಳವೆಯಲ್ಲಿ ಬರುವ ಆಯಿಲ್ಲೇ, ಕರೆಂಟಲ್ಲ. ಡೈನಮೊ ಬಗ್ಗೆ ಹೇಳಬೇಕಿತ್ತು, ಆಗಲಿಲ್ಲ.

ಕರಗಿದ ಆ ಚೋಕ್ ಕೇಬಲ್ಲನ್ನು ನಾನು ಎಸೆದಿಲ್ಲ. ಪಾಠದ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಹೊಸ ಹುಡುಗರು ಬಂದ ದಿನ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ನಮಸ್ಕಾರ.