ಅಜ್ಜಿಯ ತವರು ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಟ್ಟಿಗೆಯ ಕೆಲಸ ಮುಗಿಸಿ ಜಗಲಿಯಲ್ಲಿ ಕುಳಿತವರು, ಅಡಿಕೆ ಸುಲಿಯುತ್ತಿರುವವರು, ಒಲೆಯ ಮೇಲೆ ಗಂಜಿ ಇಟ್ಟು ಕಾಯುತ್ತಿರುವವರು ಈ ಹೊತ್ತಿನಲ್ಲಿ ನನ್ನ ಮಾತು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮೆಲ್ಲರಿಗೂ ನನ್ನದು ಒಂದೇ ಪ್ರಶ್ನೆ. ನಿಮ್ಮ ಅಜ್ಜನ ತಾಯಿಯ ತವರು ಯಾವುದು? ಅಜ್ಜನ ತಂದೆಯ ಹೆಸರು ನಿಮಗೆ ಗೊತ್ತಿರುತ್ತದೆ, ಅವನ ತಂದೆಯ ಹೆಸರೂ ಗೊತ್ತಿರಬಹುದು. ಆದರೆ ಅದೇ ಮನೆಯ ಗದ್ದೆಯಲ್ಲಿ ಐವತ್ತು ಮಳೆಗಾಲ ಸೊಂಟ ಬಗ್ಗಿಸಿ ನಾಟಿ ಮಾಡಿದ ಹೆಂಗಸು ಯಾವ ಊರಿನ ಮಗಳು ಎಂದು ಕೇಳಿದರೆ ಮನೆಮಂದಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ.

ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಈಗ ಕರಾವಳಿಯ ರೈತ ಮನೆತನಗಳ ವಂಶಾವಳಿ ಬರೆದುಕೊಳ್ಳುವ ಕೆಲಸದಲ್ಲಿದ್ದೇನೆ. ಅನೇಕರು ಚೆಂದವಾಗಿ ಮುದ್ರಿಸಿದ ವಂಶವೃಕ್ಷವನ್ನು ಹಿಡಿದು ಬರುತ್ತಾರೆ. ಬುಡದಲ್ಲಿ ಒಬ್ಬ ಮೂಲಪುರುಷ, ಕೊಂಬೆಗಳ ತುಂಬ ಅವನ ಗಂಡುಮಕ್ಕಳು ಮತ್ತು ಅವರ ಗಂಡುಮಕ್ಕಳು. ಏಳು ತಲೆಮಾರಿನ ಮರದಲ್ಲಿ ಒಬ್ಬ ತಾಯಿಯೂ ಇರುವುದಿಲ್ಲ. ಬಂದವರ ಮನಸ್ಸು ನೋಯಬಾರದೆಂದು ಮೆತ್ತಗೆ ಹೇಳುತ್ತೇನೆ, ಆದರೆ ಹೇಳಿಯೇ ಹೇಳುತ್ತೇನೆ: ಇದನ್ನು ಮಡಚಿ ಇಟ್ಟುಕೊಳ್ಳಿ, ಮನೆಗೆ ಹೋಗಿ ಅಜ್ಜಿಯ ತವರು ಯಾವುದೆಂದು ಕೇಳಿಕೊಂಡು ಬನ್ನಿ.

ಸರ್ಕಾರದ ಕಾಗದಗಳಲ್ಲಿ ಹುಡುಕಿದರಾಯಿತು ಎನ್ನುವವರಿದ್ದಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಆಮೇಲೆ ಮುಂಬಯಿ ಪದ್ಧತಿಯ ಸರ್ವೆ ನಡೆಯಿತು, ಹೊಲ ಗದ್ದೆಗಳಿಗೆ ನಂಬರು ಬಿತ್ತು. ಆ ಕಾಗದ ಕೇಳುತ್ತಿದ್ದುದು ಕಂದಾಯ ಕಟ್ಟುವವನ ಹೆಸರನ್ನು; ಅವನು ಗಂಡಸು. ಬೀಜ ಆರಿಸಿದವಳು, ಸಸಿ ಕಿತ್ತವಳು, ಭತ್ತ ಬೇಯಿಸಿ ಕುಟ್ಟಿದವಳು ಆ ಕಾಗದಕ್ಕೆ ಬೇಕಾಗಿರಲಿಲ್ಲ. ಗಂಡ ತೀರಿಕೊಂಡು, ಮಗ ಇನ್ನೂ ಚಿಕ್ಕವನಾಗಿದ್ದರೆ ಮಾತ್ರ ಅವಳ ಹೆಸರು ನಾಲ್ಕಾರು ವರ್ಷ ಅಲ್ಲಿ ಕಾಣಿಸುತ್ತದೆ, ಮಗ ದೊಡ್ಡವನಾದ ಕೂಡಲೇ ಅಳಿಸಿ ಹೋಗುತ್ತದೆ.

ನನ್ನ ಮುತ್ತಜ್ಜಿಯನ್ನು ನಾನು ಹುಡುಕಿದ ಬಗೆಯನ್ನು ಹೇಳುತ್ತೇನೆ, ಅದರಿಂದ ನಿಮಗೆ ದಾರಿ ಸಿಗುತ್ತದೆ. ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆ ಸಮುದ್ರ ಸೇರುವುದಕ್ಕೆ ತುಸು ಮೇಲೆ. ಹನ್ನೆರಡು ವರ್ಷಗಳ ಹಿಂದೆ, ಪಹಣಿಯನ್ನೂ ಹಳೆಯ ಉತಾರಗಳನ್ನೂ ತಿರುವಿ ಸಾಕಾಗಿ, ನನ್ನ ಸೋದರತ್ತೆಯ ಎದುರು ಹೋಗಿ ಕುಳಿತೆ. ಮುತ್ತಜ್ಜಿಯ ಹೆಸರೇನು ಎಂದು ಕೇಳಿದೆ. ಅತ್ತೆ ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣು ತೆಗೆಯದೆ, "ಹೆಸರು ಹಿಡಿದು ಕರೆಯೂದು ಎಲ್ಲಿತ್ತೋ ತಮಾ, ಎಲ್ಲರೂ ಗಜನಿಯವಳು ಅಂತಲೇ ಹೇಳೂದು" ಎಂದರು. ಇಷ್ಟು ವರ್ಷ ಇತಿಹಾಸ ಕಲಿಸಿದ ನಾನು ಕೇಳಬಾರದ ಪ್ರಶ್ನೆಯನ್ನು ಮೊದಲು ಕೇಳಿದ್ದೆ. ಹೆಸರು ಆಮೇಲಿನ ಮಾತು. ಮೊದಲು ಕೇಳಬೇಕಾದದ್ದು ತವರನ್ನು, ಏಕೆಂದರೆ ನಮ್ಮ ಸೀಮೆಯಲ್ಲಿ ಸೊಸೆಯನ್ನು ಕರೆಯುತ್ತಿದ್ದುದೇ ಅವಳ ತವರಿನ ಗುರುತಿನಿಂದ.

ಗಜನಿ ಎಂದರೆ ಏನೆಂದು ಕರಾವಳಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಕೇಳುಗರಿಗಾಗಿ ಹೇಳುತ್ತೇನೆ. ಹೊಳೆಯ ಅಳಿವೆಯಲ್ಲಿ, ಭರತಕ್ಕೆ ಉಪ್ಪುನೀರು ಏರಿ ಬರುವ ತಗ್ಗುಭೂಮಿಗೆ ಕಟ್ಟೆ ಹಾಕಿ ಬೇಸಾಯ ಮಾಡುವ ಗದ್ದೆಯೇ ಗಜನಿ. ಮಳೆಗಾಲದಲ್ಲಿ ಅಲ್ಲಿ ಭತ್ತ, ಉಳಿದ ಕಾಲದಲ್ಲಿ ಮೀನು, ಸಿಗಡಿ. ಆ ಉಪ್ಪನ್ನು ತಡೆದುಕೊಳ್ಳುವ ಭತ್ತ ಕಗ್ಗ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರ ಬೇಡ, ಔಷಧ ಬೇಡ, ನೆರೆ ಬಂದು ನಾಲ್ಕು ದಿನ ಮುಳುಗಿದರೂ ಪೈರು ತಲೆ ಎತ್ತುತ್ತದೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಅಳಿವೆಯ ಮಾಣಿಕಟ್ಟಾ ಈ ಬೆಳೆಗೆ ಹೆಸರಾದ ಊರು. ಅತ್ತೆಯ ನೆನಪಿನಲ್ಲಿ ಉಳಿದಿದ್ದ ಊರೂ ಅದೇ.

ಅತ್ತೆ ಹೇಳಿದ್ದು ಹೀಗೆ. ಮುತ್ತಜ್ಜಿ ಮದುವೆಯಾಗಿ ಬಂದ ಎರಡನೆಯದೋ ಮೂರನೆಯದೋ ವರ್ಷ, ಹೊಳೆಯ ಬದಿಯ ನಮ್ಮ ಮಣ್ಣಿನ ಕಟ್ಟೆ ಒಡೆದು ಉಪ್ಪುನೀರು ನುಗ್ಗಿತು. ಸಸಿಯೆಲ್ಲ ಬೆಂಕಿ ತಾಗಿದಂತೆ ಕರಕಾಯಿತು. ಮನೆಯ ಗಂಡಸರು ಆ ಗದ್ದೆಯನ್ನು ಬಿಟ್ಟುಬಿಡುವ ಮಾತನಾಡಿದರು. ಮುತ್ತಜ್ಜಿ ಯಾರೊಡನೆಯೂ ವಾದ ಮಾಡಲಿಲ್ಲ. ಮರುವರ್ಷ ಮಳೆ ಹಿಡಿಯುವ ಮುನ್ನ ತವರಿಗೆ ಹೋಗಿ, ಹುಲ್ಲಿನಿಂದ ಬಿಗಿದು ಕಟ್ಟಿದ ಒಂದು ಮುಡಿ ಕಗ್ಗದ ಬೀಜದೊಡನೆ ತಾರಿಯ ದೋಣಿಯಲ್ಲಿ ಗಂಗಾವಳಿ ದಾಟಿ ಬಂದಳು. ಬೀಜವನ್ನು ನೆನೆಹಾಕಿ, ಹುಲ್ಲಿನಲ್ಲಿ ಮುಚ್ಚಿಟ್ಟು, ಬಿಳಿಯ ಮೊಳಕೆಯ ತುದಿ ಕಂಡ ದಿನ ತಾನೇ ಗದ್ದೆಗಿಳಿದು ಎರಚಿದಳು. ಮೀಸೆಯುಳ್ಳ ಆ ಭತ್ತವನ್ನು ನೋಡಿ ನಮ್ಮ ಕೇರಿಯವರು ಮೊದಲು ನಕ್ಕರಂತೆ. ತೆನೆ ಬಿಟ್ಟ ಮೇಲೆ ಬೀಜ ಕೇಳಲು ಬಂದರಂತೆ. ಅವಳು ಬೀಜ ಕೊಟ್ಟಳು, ಆದರೆ ಯಾರಿಗೆ ಎಷ್ಟು ಕೊಟ್ಟೆ ಎಂಬ ಲೆಕ್ಕವನ್ನು ಬಾಯಿಪಾಠ ಇಟ್ಟುಕೊಂಡಿದ್ದಳು. ಇದನ್ನೆಲ್ಲ ಹೇಳಿ ಮುಗಿಸಿ ಅತ್ತೆ ಮೊರವನ್ನು ಕೆಳಗಿಟ್ಟು, ತಮ್ಮ ಎಡಗಾಲನ್ನು ಮುಂದೆ ಚಾಚಿ ಹೆಬ್ಬೆರಳಿನ ಬುಡವನ್ನು ಮುಟ್ಟಿ ತೋರಿಸಿದರು: "ಇಲ್ಲಿ ಅವಳಿಗೆ ಕಲ್ಗ ಕೊಯ್ದ ಕಲೆ ಇತ್ತು. ಚಳಿಗಾಲದಲ್ಲಿ ಬಿರಿಯುತ್ತಿತ್ತು, ಎಣ್ಣೆ ಹಚ್ಚುವ ಕೆಲಸ ನನ್ನದು." ಕಲ್ಗ ಎಂದರೆ ಅಳಿವೆಯ ಕಲ್ಲಿಗೆ ಅಂಟಿಕೊಂಡು ಬೆಳೆಯುವ, ಚೂಪು ಅಂಚಿನ ಚಿಪ್ಪು.

ಮುಂದಿನ ವಾರವೇ ನಾನು ಮಾಣಿಕಟ್ಟೆಗೆ ಹೋದೆ. ಕಟ್ಟೆಯ ಮೇಲೆ ನಿಂತಿದ್ದ ಒಬ್ಬ ಹಿರಿಯರಿಗೆ, ನಮ್ಮ ಮುತ್ತಜ್ಜಿ ಈ ಊರಿನ ಮಗಳಂತೆ ಎಂದೆ. ಯಾವ ಮನೆ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಯಾವ ಕಾಲ ಎಂದು ಕೇಳಿದರು. ನೂರು ವರ್ಷದ ಮೇಲಾಯಿತು ಎಂದೆ. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, ಅಂಕೋಲೆಯ ಕಡೆಗೆ ಹೆಣ್ಣು ಕೊಟ್ಟ ಮನೆಗಳು ಮೂರೇ ಎಂದು ಹೇಳಿ, ನನ್ನನ್ನು ಒಂದೊಂದೇ ಮನೆಗೆ ಕರೆದುಕೊಂಡು ಹೋದರು. ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಹಾಸಿಗೆಯ ಮೇಲೆ ಒರಗಿ ಕುಳಿತಿದ್ದರು. ತಾವು ಚಿಕ್ಕವರಿದ್ದಾಗ ಗಂಗಾವಳಿಯಾಚೆಯಿಂದ ಹಬ್ಬಕ್ಕೆ ಬರುತ್ತಿದ್ದ ಒಬ್ಬ ಮುದುಕಿಯ ನೆನಪು ಅವರಿಗಿತ್ತು. ಬಂದವಳು ಮನೆಯೊಳಗೆ ಬರುವ ಮೊದಲು ಗಜನಿಗೆ ಒಂದು ಸುತ್ತು ಹಾಕುತ್ತಿದ್ದಳಂತೆ. ಕಾಲಿನಲ್ಲಿ ಏನಾದರೂ ಗುರುತಿತ್ತೇ ಎಂದು ನಾನು ಕೇಳಿದೆ. ಆ ಅಜ್ಜಿ ಕಂಬಳಿಯ ಕೆಳಗಿನಿಂದ ತಮ್ಮ ಎಡಗಾಲನ್ನು ಹೊರಗೆ ತೆಗೆದು, ಹೆಬ್ಬೆರಳಿನ ಬುಡವನ್ನು ಮುಟ್ಟಿದರು. "ಹುಡುಗಿಯಾಗಿದ್ದಾಗ ಬಳಚು ಹೆಕ್ಕಲು ಹೋಗಿ ಕಲ್ಗದ ಮೇಲೆ ಕಾಲಿಟ್ಟಿದ್ದಳಂತೆ" ಎಂದರು. ಬಳಚು ಎಂದರೆ ಹೊಳೆಯ ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಮೀನು.

ನಾನು ಎಷ್ಟೋ ದಾಖಲೆ ನೋಡಿದ್ದೇನೆ, ಆದರೆ ಯಾವ ದಾಖಲೆಯ ಮುಂದೆಯೂ ನನ್ನ ಕೈ ಹಾಗೆ ನಡುಗಿಲ್ಲ. ಹುಟ್ಟಿದ ಮನೆಯಲ್ಲಿ ಅವಳಿಗೆ ಇಟ್ಟಿದ್ದ ಹೆಸರು ಅಲ್ಲಿ ಸಿಕ್ಕಿತು. ಅದು ನಮ್ಮ ಮನೆಯ ಕಾಗದದಲ್ಲಿ ಒಂದು ಕಡೆ ಮಾತ್ರ ಕಾಣಿಸುವ ಹೆಸರಿಗಿಂತ ಬೇರೆ, ಏಕೆಂದರೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಾಯಿಸುವ ರೂಢಿ ನಮ್ಮಲ್ಲಿತ್ತು. ಆ ಎರಡು ಹೆಸರುಗಳನ್ನು ನಾನು ಇಲ್ಲಿ ಹೇಳುವುದಿಲ್ಲ, ಅವು ನಮ್ಮ ಮನೆಗೆ ಸೇರಿದವು. ನೀವು ಹುಡುಕಬೇಕಾದದ್ದು ನಿಮ್ಮ ಮನೆಯವಳನ್ನು. ಒಬ್ಬ ಹೆಣ್ಣಿಗೆ ಎರಡು ಹೆಸರು ಇರುವಾಗ ಹೆಸರನ್ನೇ ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ. ಎರಡನ್ನೂ ಜೋಡಿಸುವುದು ತವರು.

ನನಗೆ ಕೊಟ್ಟ ವೇಳೆಯಲ್ಲಿ ಹೆಚ್ಚಿನ ಭಾಗವನ್ನು ಮುತ್ತಜ್ಜಿಯೇ ತೆಗೆದುಕೊಂಡಳು, ಉಳಿದದ್ದನ್ನು ಬೇಗ ಹೇಳುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತಿತ್ತು. ಆದ್ದರಿಂದ ನಿಮ್ಮ ಅಜ್ಜ ಹಿರಿಯ ಮಗನಾಗಿದ್ದರೆ ಅವನ ಜನನದ ನೋಂದಣಿಯನ್ನು ನಿಮ್ಮೂರಿನಲ್ಲಿ ಹುಡುಕಬೇಡಿ, ಅವನ ತಾಯಿಯ ಊರಿನಲ್ಲಿ ಹುಡುಕಿ. ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮಸ್ಥಳದ ಕಾಲಂ ಇರುತ್ತದೆ, ಅದನ್ನು ನೋಡಿ. ಗೇಣಿದಾರರ ಮನೆಯವರಾಗಿದ್ದರೆ, 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಯನ್ನೂ ಅದರ ಜೊತೆಗಿನ ಹೇಳಿಕೆಗಳನ್ನೂ ತೆಗೆಸಿ ಓದಿ. ಎಷ್ಟೋ ವಿಧವೆಯರು ಮೊದಲ ಬಾರಿಗೆ ತಮ್ಮ ಬಾಯಿಂದ ಮಾತನಾಡಿರುವುದು ಅಲ್ಲಿ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕಾರವಾರ, ಅಂಕೋಲಾ ತಾಲೂಕುಗಳ ಕುಟುಂಬದವರು ದಯವಿಟ್ಟು ತಡಮಾಡಬೇಡಿ, ಏಕೆಂದರೆ ನಿಮಗೆ ತೋರಿಸಲು ಹಳೆಯ ಮನೆಯ ಹೊಸ್ತಿಲೂ ಉಳಿದಿಲ್ಲ, ಹಿರಿಯರ ಮಾತು ಮಾತ್ರ ಉಳಿದಿದೆ.

ಅಂಕೋಲಾ ಮತ್ತು ಸಿದ್ದಾಪುರದವರಿಗೆ ಇನ್ನೊಂದು ಮಾತು. 1932ರ ಕರನಿರಾಕರಣೆಯಲ್ಲಿ ನಿಮ್ಮ ಮನೆಯ ಭೂಮಿ ಜಪ್ತಿಯಾಗಿತ್ತೇ ಎಂದು ಕೇಳಿ. ಹೋದ ಭೂಮಿಯನ್ನು ಹಿಂದಿರುಗಿಸುವ ಕಾನೂನು ಮುಂಬಯಿಯ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ, 1938ರಲ್ಲಿ ಬಂತು. ಗಂಡಸರು ಜೈಲಿಗೆ ಹೋಗಿ, ಭೂಮಿಯೂ ಕೈಬಿಟ್ಟಿದ್ದ ನಡುವಿನ ಆ ವರ್ಷಗಳಲ್ಲಿ ಮಕ್ಕಳ ಹೊಟ್ಟೆ ಹೇಗೆ ತುಂಬಿತು? ನಮ್ಮ ಮನೆಯಲ್ಲಿ ಪಾತ್ರೆಗಳನ್ನೂ ಜೋಡಿ ಎತ್ತುಗಳನ್ನೂ ಒಯ್ದಿದ್ದರು. ಮುತ್ತಜ್ಜಿ ಮಕ್ಕಳನ್ನು ಮಾಣಿಕಟ್ಟೆಗೆ ಕಳಿಸಿದ್ದಳು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಸತ್ಯಾಗ್ರಹಿ ಮಹಿಳೆಯರ ಸ್ಮಾರಕವಿದೆ, ಹೋಗಿ ನೋಡಿ ಬನ್ನಿ. ಬಂದ ಮೇಲೆ ನಿಮ್ಮ ಮನೆಯ ಹೆಂಗಸರಿಗೆ ಆ ವರ್ಷಗಳಲ್ಲಿ ಅಕ್ಕಿ ಕೊಟ್ಟ ತವರು ಯಾವುದೆಂದು ಕೇಳಿ.

ಮಾಣಿಕಟ್ಟೆಯಿಂದ ಮರಳಿದ ಸಂಜೆ ನಾನು ನೇರವಾಗಿ ಅತ್ತೆಯ ಮನೆಗೆ ಹೋಗಿ, ಮುತ್ತಜ್ಜಿಯ ಹುಟ್ಟುಹೆಸರನ್ನು ಹೇಳಿದೆ. ಅತ್ತೆ ಅದನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕರೆದು, ಪಾಟಿಚೀಲದಿಂದ ಪಟ್ಟಿ ತೆಗೆಸಿ, ಆ ಹೆಸರನ್ನೂ ಅದರ ಕೆಳಗೆ ಊರಿನ ಹೆಸರನ್ನೂ ಬರೆಸಿದರು. ಬರೆದದ್ದನ್ನು ಓದಿಸಿ ಕೇಳಿ, ಇನ್ನು ನನ್ನ ತವರಿನ ಹೆಸರನ್ನೂ ಬರೆ ಎಂದರು.

ನಮಸ್ಕಾರ.