ಎಳೆಗೂಸಿನ ತೂಕ ಮತ್ತು ತಾಯಿಯ ಹಾಲು

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನದ ಸುತ್ತಮುತ್ತಲಿನ ಊರುಗಳಿಂದ ಕೂಸನ್ನು ಎತ್ತಿಕೊಂಡು ಬರುವ ಬಾಣಂತಿಯರೂ ಅವರ ಜೊತೆಗೆ ಬರುವ ಅಜ್ಜಿಯರೂ ಮೊದಲು ಹೇಳುವುದು, ‘ಹಾಲು ಸಾಲುತ್ತಿಲ್ಲ ಡಾಕ್ಟ್ರೇ, ಮಗು ತೂಕವೇ ಬರುತ್ತಿಲ್ಲ’ ಎಂದು. ದಯವಿಟ್ಟು ಮಗುವಿನ ತೂಕವನ್ನು ಅದರದೇ ಹಿಂದಿನ ತೂಕದೊಂದಿಗೆ ಹೋಲಿಸಿರಿ, ಪಕ್ಕದ ಮನೆಯ ಮಗುವಿನೊಂದಿಗೆ ಬೇಡ.

ಹುಟ್ಟಿದ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. 3 ಕಿಲೋ ಇದ್ದ ಕೂಸು 200 ಗ್ರಾಂ ಇಳಿದರೆ ಗಾಬರಿ ಬೇಡ. ಎರಡು ವಾರದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. ಅನಂತರ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು.

ಸಕಲೇಶಪುರದ ಕಡೆಯ ಕಾಫಿ ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್ ಮನೆಯಿಂದ ಒಬ್ಬ ಚೊಚ್ಚಲ ಬಾಣಂತಿ ಬಂದಿದ್ದಳು. ಮೂರು ವಾರದ ಹೆಣ್ಣುಕೂಸು. ಹುಟ್ಟಿದಾಗ 2 ಕಿಲೋ 700 ಗ್ರಾಂ, ಅಂದು 2 ಕಿಲೋ 600. ಪಕ್ಕದ ಲೈನಿನ ಗಂಡುಮಗು ಗುಂಡುಗುಂಡಾಗಿದೆಯೆಂದು ಅಜ್ಜಿ ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸತೊಡಗಿದ್ದರು. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆಗೆ ಬಾಯಿ ಹಾಕುವುದು ಕಡಿಮೆ, ಅದು ಚೀಪದಿದ್ದರೆ ಹಾಲು ಉತ್ಪತ್ತಿಯಾಗುವುದೂ ಕಡಿಮೆ. ನನ್ನೆದುರೇ ಹಾಲೂಡಿಸಲು ಹೇಳಿದೆ. ಕೂಸು ಬರೀ ತೊಟ್ಟನ್ನು ಹಿಡಿದು ಚೀಪುತ್ತಿತ್ತು. ತೊಟ್ಟು ಬಿರಿದು ರಕ್ತ ಒಸರುತ್ತಿದ್ದುದರಿಂದ ಆಕೆ ನೋವು ತಾಳಲಾರದೆ ಬೇಗನೆ ಬಿಡಿಸಿಬಿಡುತ್ತಿದ್ದಳು. ಮಗು ಬಾಯಿ ಅಗಲಿಸುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ, ಗದ್ದ ಎದೆಗೆ ತಾಗುವಂತೆ ಹಿಡಿಸಿದಾಗ, ಗುಟುಕು ನುಂಗುವ ಸದ್ದು ಅಜ್ಜಿಗೂ ಕೇಳಿಸಿತು. ಬಾಟಲಿ ಬಿಡಿಸಿ, ಹಿಂಡಿ ತೆಗೆದ ಎದೆಹಾಲನ್ನೇ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಹಾಕಿಸಿದೆವು. ಮುಂದಿನ ವಾರ ಮಗು 2 ಕಿಲೋ 800 ತೂಗಿತು. ಪಕ್ಕದ ಲೈನಿನ ಮಗುವಿನಷ್ಟು ದಪ್ಪಗಾಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸಿರಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದರ್ಥ. ಆರು ತಿಂಗಳವರೆಗೆ ನೀರು, ಜೇನುತುಪ್ಪ, ತೇಯ್ದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಅಜ್ಜಿಯಂದಿರೇ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, ಅಂಗನವಾಡಿಗೆ ಹೋದಾಗ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸಿರಿ, ನಿಮ್ಮ ಮಗುವಿನ ಗೆರೆ ಮೇಲೇರುತ್ತಿದೆಯೇ ನೋಡಿರಿ. ಎರಡು ವಾರವಾದರೂ ಹುಟ್ಟಿದ ತೂಕ ಬಾರದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಅಂದೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿರಿ. ನಮಸ್ಕಾರ.