ಲ್ಯಾಕ್ಟೇಟ್ ಏರಿದರೆ ಐಸಿಯು ಡಾಕ್ಟರ್ ಯಾಕೆ ಗಾಬರಿಯಾಗುತ್ತಾರೆ?

ಅಯೋರ್ಟಿಕ್ ಡಿಸೆಕ್ಷನ್ ಆದವರು ಐಸಿಯು ಒಳಗಿದ್ದಾಗ ಹೊರಗಿರುವ ಮನೆಯವರದು ಒಂದೇ ಪ್ರಶ್ನೆ. "ಉಳೀತಾರಾ ಡಾಕ್ಟ್ರೇ?" ಉತ್ತರದ ಒಂದು ಸುಳಿವು ರಕ್ತದ ರಿಪೋರ್ಟಿನಲ್ಲಿರುತ್ತದೆ. ಸುಳಿವು ಅಷ್ಟೇ, ಜಾತಕ ಅಲ್ಲ!

[ಚಿತ್ರ: ಮೂರು ಪದರದ ರಕ್ತನಾಳ, ಒಳಪದರದಲ್ಲಿ ಸೀಳು]

ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಅದರ ಒಳಪದರ ಹರಿದರೆ ರಕ್ತ ಗೋಡೆಯೊಳಗೇ ನುಗ್ಗಿ, ಪದರಗಳನ್ನು ಬಿಡಿಸುತ್ತಾ ತನ್ನದೇ ಸುಳ್ಳು ದಾರಿ ಮಾಡಿಕೊಳ್ಳುತ್ತದೆ. ಇದೇ ಡಿಸೆಕ್ಷನ್. ಆ ದಾರಿ ಉಬ್ಬಿ ಕವಲು ನಾಳಗಳನ್ನು ಒತ್ತಿದರೆ ಕರುಳಿಗೋ, ಕಿಡ್ನಿಗೋ, ಕಾಲಿಗೋ ರಕ್ತ ಸಾಲುವುದಿಲ್ಲ.

ಆಗ ಏರುವುದೇ ಲ್ಯಾಕ್ಟೇಟ್. ಆಕ್ಸಿಜನ್ ಸಿಗದ ಜೀವಕೋಶಗಳು ಅದಿಲ್ಲದೆಯೇ ಸಕ್ಕರೆ ಒಡೆದು ಹೇಗೋ ಶಕ್ತಿ ಹೊಂದಿಸಿಕೊಳ್ಳುತ್ತವೆ. ಅದರಿಂದ ಉಳಿಯುವುದು ಲ್ಯಾಕ್ಟೇಟ್. ಆರೋಗ್ಯವಂತರಲ್ಲಿ ಇದು ಲೀಟರಿಗೆ 2 ಮಿಲಿಮೋಲ್ ಒಳಗಿರುತ್ತದೆ. ಹೆಚ್ಚಿದಷ್ಟೂ ಸಾವಿನ ಅಪಾಯ ಜಾಸ್ತಿ. ಆದರೆ ಒಂದೇ ಸಲದ ಅಂಕಿಗಿಂತ ಅದು ಹೋಗುತ್ತಿರುವ ದಿಕ್ಕು ಮುಖ್ಯ. 5 ಇದ್ದದ್ದು 2ಕ್ಕೆ ಇಳಿದರೆ ಸಮಾಧಾನ. 2 ಇದ್ದದ್ದು 5ಕ್ಕೆ ಏರಿದರೆ ಎಲ್ಲೋ ಒಂದು ಅಂಗ ಉಸಿರುಗಟ್ಟುತ್ತಿದೆ ಅಂತ ಹುಡುಕಬೇಕು.

ಇದೂ ಕೈಕೊಡುತ್ತದೆ. ಕರುಳಿಗೆ ರಕ್ತ ನಿಂತ ಆರಂಭದಲ್ಲಿ ಲ್ಯಾಕ್ಟೇಟ್ ಸರಿಯಾಗೇ ಇರಬಹುದು. ಅಡ್ರಿನಲಿನ್ ಕೊಟ್ಟಾಗ ಸುಮ್ನೆ ಏರಲೂಬಹುದು.

ಕಿಡ್ನಿ ಹೊರಹಾಕುವ ಕಸ ಕ್ರಿಯಾಟಿನಿನ್. ಅದು ಕಿಡ್ನಿಯ ಪಾಡು ಹೇಳುತ್ತದೆ, ಆದರೆ ನಿಧಾನಿ. ಪೆಟ್ಟು ಬಿದ್ದು ಎಷ್ಟೋ ಗಂಟೆಗಳಾದ ಮೇಲೆ ಏರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳದು ಇನ್ನೊಂದು ಕಥೆ. ಸುಳ್ಳು ದಾರಿಯಲ್ಲಿ ರಕ್ತ ಹೆಪ್ಪುಗಟ್ಟುತ್ತಾ ಅವು ಖರ್ಚಾಗುತ್ತವೆ, ಜೊತೆಗೆ ಹೆಪ್ಪಿಗೆ ಬೇಕಾದ ಪ್ರೋಟೀನ್ ಫೈಬ್ರಿನೋಜನ್ ಕೂಡ.

[ತೆರೆಯ ಮೇಲೆ: ಟ್ರೋಪೋನಿನ್]

ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಪ್ರೋಟೀನ್ ಇದು. ಮೋಸದ ಸುಳಿವು. ಸೀಳು ಹೃದಯಕ್ಕೇ ರಕ್ತ ಕೊಡುವ ನಾಳದ ಬಾಯಿಗೆ ತಾಗಿದರೆ ಟ್ರೋಪೋನಿನ್ ಏರುತ್ತದೆ. ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ? ಹರಿದ ನಾಳಕ್ಕೆ ಅದೇ ಅಪಾಯ, ಅಲ್ವಾ?

ಡಿ-ಡೈಮರ್ ಹೆಸರು ಕೇಳಿರುತ್ತೀರಿ. ರಕ್ತದ ಹೆಪ್ಪು ಕರಗುವಾಗ ಉಳಿಯುವ ಚೂರು ಅದು. ಅಪಾಯದ ಲಕ್ಷಣ ಕಡಿಮೆ ಇರುವವರಲ್ಲಿ ಅದು ಮಿಲಿಲೀಟರಿಗೆ 500 ನ್ಯಾನೋಗ್ರಾಂ ಒಳಗಿದ್ದರೆ ಡಿಸೆಕ್ಷನ್ ಇರುವ ಸಾಧ್ಯತೆ ತೀರಾ ಕಡಿಮೆ. ಅದರ ದೊಡ್ಡ ಉಪಯೋಗ ಅಲ್ಲೇ.

ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತದ ಬಗ್ಗೆ, ಅಂದರೆ ಎರಡು ಬಗೆಯ ಬಿಳಿ ರಕ್ತಕಣಗಳ ಲೆಕ್ಕದ ಬಗ್ಗೆ, ಸಂಶೋಧನಾ ಪೇಪರುಗಳು ತುಂಬಾ ಬಂದಿವೆ. ನನಗೆ ಅಷ್ಟು ಉತ್ಸಾಹ ಇಲ್ಲ. ಯಾವುದೇ ಗಂಭೀರ ಕಾಯಿಲೆಯಲ್ಲೂ ಅದು ಏರುತ್ತದೆ.

ಇನ್ನೊಂದು ಮಾತು. ಸೀಳು ಅಯೋರ್ಟಾ ಹೃದಯದಿಂದ ಮೇಲಕ್ಕೇರುವ ಭಾಗದಲ್ಲಿದ್ದರೆ ಅದು ಟೈಪ್ ಎ ಡಿಸೆಕ್ಷನ್. ಅಲ್ಲಿ ಆಪರೇಷನ್ ತಡವಾದಷ್ಟೂ ಸಾವು ಹತ್ತಿರ. ಹಾಗಾಗಿ ಈ ರಿಪೋರ್ಟುಗಳು ಬರಲಿ ಅಂತ ಸರ್ಜನ್ ಕಾಯುತ್ತಾ ಕೂರುವುದಿಲ್ಲ.